ಅಂಗಳವನ್ನೇ ಶಾಲೆಯಾಗಿಸಿದ ತಾರಾಬಾಯಿ ಮೋಡಕ್

ಅಂಗನವಾಡಿ ಎಂಬ ಮಾತು ಇಂದು ಕನ್ನಡ ನಾಡಿನ ಹಳ್ಳಿಹಳ್ಳಿಯ ಜನರ ನಾಲಗೆಯ ಮೇಲಿದೆ. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿ, ನಮ್ಮ ರಾಜ್ಯದಲ್ಲಿ ಮೊದಲಿಗೆ ತಿರುಮಕೂಡಲು ನರಸೀಪುರವನ್ನು ಆಯ್ದುಕೊಂಡಿತು. ಆದರೆ ಆ ಹೆಸರೂ ಅದರ ಹಿಂದಣ ವಿಚಾರವೂ ಅದಕ್ಕೆ ಮೂರು ದಶಕಗಳಷ್ಟು ಮೊದಲೇ, ಅರಬ್ಬೀ ಸಮುದ್ರದ ತಡಿಯ ಬೋರ್ಡಿ ಎಂಬ ಹಳ್ಳಿಯಲ್ಲಿ ರೂಪುಗೊಂಡಿದ್ದವು. ಅವುಗಳಿಗೆ ಜನ್ಮವಿತ್ತ ಮಹನೀಯೆ ತಾರಾಬಾಯಿ ಮೋಡಕ್. ನಮ್ಮ ಶಿಕ್ಷಕ ಬಂಧುಗಳಲ್ಲಿಯೂ ಅವರ ಹೆಸರನ್ನು ಬಲ್ಲವರು ವಿರಳವೆಂಬುದು ವಿಷಾದದ ಸಂಗತಿ.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಸದಾಶಿವ ಪಾಂಡುರಂಗ ಕೇಳಕರ್, ತಾಯಿ ಉಮಾಬಾಯಿ. ತಂದೆಯವರು ಪ್ರಾರ್ಥನಾ ಸಮಾಜಕ್ಕೆ ಸೇರಿದ ಸುಧಾರಕರಾದುದರಿಂದ ಹೆಣ್ಣುಮಗಳ ಓದಿಗೆ ಮನೆಯಲ್ಲಿ ಅಡ್ಡಿಯಿರಲಿಲ್ಲ. 1914ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದರು. ಅಮರಾವತಿಯ ವಕೀಲರಾಗಿದ್ದ ಮೋಡಕರೊಡನೆ ನಡೆದ ವಿವಾಹವು 1921ರಲ್ಲಿ ಮುರಿದುಬಿದ್ದಿತು. ಆ ಕಾಲದಲ್ಲಿ ಪತಿಯಿಂದ ಬೇರೆಯಾದ ಸ್ತ್ರೀಯನ್ನು ಸಮಾಜವು ಯಾವ ಕಣ್ಣಿನಿಂದ ನೋಡುತ್ತಿತ್ತೆಂಬುದನ್ನು ಹೇಳಬೇಕಾದುದಿಲ್ಲ. ಆದರೂ ಅವರು ಎದೆಗುಂದದೆ ರಾಜಕೋಟೆಗೆ ಹೋಗಿ, ಅಲ್ಲಿಯ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು.

ಅದು ಗೌರವದ ಹುದ್ದೆ. ಅದನ್ನೂ ಅವರು ಬಿಟ್ಟುಕೊಟ್ಟರು. ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವೊಂದನ್ನು ತೆರೆದು, ಮೇಡಂ ಮಾಂಟೆಸೊರಿಯವರ ಪದ್ಧತಿಯನ್ನು ಗುಜರಾತಿನ ಮಣ್ಣಿಗೆ ಹೊಂದಿಸುತ್ತಿದ್ದರು. ತಾರಾಬಾಯಿ ಅವರ ಸಹೋದ್ಯೋಗಿಯಾದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘವು ಸ್ಥಾಪನೆಯಾಯಿತು. ಮಕ್ಕಳನ್ನು ಹೊಡೆಯದೆ, ಹೆದರಿಸದೆ ಬೆಳೆಸುವ ಬಗೆಯನ್ನು ತಂದೆತಾಯಂದಿರಿಗೆ ತಿಳಿಸಲು ಇಬ್ಬರೂ ಶಿಕ್ಷಣ ಪತ್ರಿಕೆಯನ್ನು ನಡೆಸಿದರು. 1936ರಲ್ಲಿ ತಾರಾಬಾಯಿ ಮುಂಬಯಿಗೆ ಮರಳಿ, ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು.

ಇಷ್ಟಕ್ಕೇ ನಿಂತಿದ್ದರೆ ಅವರು ನಗರದ ಉತ್ತಮ ಶಿಕ್ಷಕಿಯೊಬ್ಬರೆನಿಸಿ ಉಳಿಯುತ್ತಿದ್ದರು. ಆದರೆ 1945ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಬೋರ್ಡಿಗೆ ಬಂದು ಗ್ರಾಮ ಬಾಲ ಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಪುಣೆಯಲ್ಲಿ ಶಿಕ್ಷಕಿಯಾಗಿದ್ದ, ಬಾಲವಿಧವೆಯಾದ ಅನುತಾಯಿ ವಾಘ್ ಅವರು ಅವರೊಡನೆ ಬಂದು ಸೇರಿದರು. ವಿದೇಶೀ ಮಾದರಿಯ ದುಬಾರಿ ಉಪಕರಣಗಳು ಹಳ್ಳಿಗೆ ನಿಲುಕುವಂಥವಲ್ಲ. ಅವುಗಳ ಸ್ಥಾನದಲ್ಲಿ ಕಪ್ಪೆಚಿಪ್ಪು, ಬೀಜ, ಎಲೆ, ಬೆಣಚುಕಲ್ಲು, ಜೇಡಿಮಣ್ಣುಗಳು ಬಂದವು. ಎಣಿಸುವುದಕ್ಕೂ ಬಣ್ಣ ಗುರುತಿಸುವುದಕ್ಕೂ ಇವೇನು ಕಡಿಮೆಯೇ?

ಆದರೂ ಒಂದು ಕೊರತೆ ಅವರನ್ನು ಕಾಡಿತು. ಅಂದು ಹರಿಜನವಾಡವೆಂದು ಕರೆಯುತ್ತಿದ್ದ ಕೇರಿಯ ಮಕ್ಕಳು ಬಾಲವಾಡಿಗೆ ಸರಿಯಾಗಿ ಬರುತ್ತಿರಲಿಲ್ಲ. ಸವರ್ಣರ ಮಕ್ಕಳ ಜೊತೆಗೆ ಕೂಡಿಸಲು ಅತ್ತ ಅಳುಕು, ಇತ್ತ ಅಸಮಾಧಾನ. ಇದಲ್ಲದೆ ಬೆಳಗಾದರೆ ಕೂಲಿಗೆ ಹೊರಡುವ ತಾಯಿಗೆ ಮಗುವನ್ನು ಮೀಯಿಸಿ, ತಲೆ ಬಾಚಿ ಕಳುಹಿಸಲು ಪುರುಸೊತ್ತೆಲ್ಲಿ? ಕಟ್ಟಡವನ್ನು ಕಟ್ಟಿ ಗಂಟೆ ಬಾರಿಸಿದರೆ ಮಕ್ಕಳು ತಾವಾಗಿ ಬರುತ್ತಾರೆಂದು ನಂಬಿರುವ ನಮ್ಮಂಥ ವಿದ್ಯಾಸಂಸ್ಥೆಯವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ತಾರಾಬಾಯಿ ಪಾಲಕರನ್ನು ದೂರಲಿಲ್ಲ. ಬಾಲವಾಡಿಯನ್ನೇ ಕೇರಿಗೆ ಒಯ್ದರು. ಶಿಕ್ಷಕಿಯರು ಅಲ್ಲಿ ಒಂದು ಮನೆಯ ಮುಂದಿನ ಅಂಗಳವನ್ನು ಗುಡಿಸುವುದು, ಮಕ್ಕಳನ್ನು ಕೂಗಿ ಕರೆಯುವುದು, ಕೈಕಾಲು ಮುಖ ತೊಳೆಯುವುದು, ಉಗುರು ಕತ್ತರಿಸುವುದು. ಆ ಬಳಿಕ ಹಾಡು, ಆಟ, ಕಥೆ. ಎಲ್ಲವೂ ಮನೆಯವರ ಕಣ್ಣೆದುರಿನಲ್ಲೇ ನಡೆಯುತ್ತಿದ್ದುದರಿಂದ ಮಗುವಿನ ಜೊತೆಗೆ ತಾಯಿಗೂ ಅಜ್ಜಿಗೂ ಆರೋಗ್ಯದ ಪಾಠವಾಗುತ್ತಿತ್ತು. ಅಂಗಳದ ವಾಡಿಯೇ ಅಂಗನವಾಡಿ. ನಮ್ಮ ಅಂಗಳವೂ ಅವರ ಅಂಗಣವೂ ಎಷ್ಟು ಹತ್ತಿರದ ಮಾತುಗಳು!

1957ರಲ್ಲಿ ಕೇಂದ್ರವು ಸಮೀಪದ ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಅದು ವಾರಲಿ ಆದಿವಾಸಿಗಳ ಸೀಮೆ. ಜಮೀನ್ದಾರರ ಬಿಟ್ಟಿ ದುಡಿಮೆಯ ವಿರುದ್ಧ ಆ ಜನರು 1945ರಲ್ಲಷ್ಟೇ ಎದ್ದು ನಿಂತಿದ್ದರು. ಅಲ್ಲಿ ಅಂಗಳದ ಉಪಾಯವೂ ಸಾಲದಾಯಿತು. ಗಂಡುಹುಡುಗರು ದನ ಮೇಯಿಸಲು ಹೋಗುತ್ತಿದ್ದರು. ಆದ್ದರಿಂದ ಶಿಕ್ಷಕರೂ ಗೋಮಾಳಕ್ಕೆ ನಡೆದರು. ಹೀಗೆ ಹುಟ್ಟಿದುದು ಕುರಣಶಾಲೆ. ಹೆಣ್ಣುಮಕ್ಕಳ ಕಂಕುಳಲ್ಲಿಯೋ ಸದಾ ಒಂದು ಕೂಸು. ಕೂಸನ್ನು ಬಿಟ್ಟು ಬಾ ಎನ್ನುವುದು ಶಾಲೆಯನ್ನು ಬಿಟ್ಟುಬಿಡು ಎಂದಂತೆಯೇ. ಅದಕ್ಕಾಗಿ ಶಿಶುಪಾಲನ ಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಸೂರಿನಡಿ ತಂದ ವಿಕಾಸವಾಡಿಯನ್ನು ರಚಿಸಿದರು. ಅಕ್ಕ ಅಕ್ಷರ ಕಲಿಯುವಾಗ ತಮ್ಮ ಪಕ್ಕದಲ್ಲೇ ತೊಟ್ಟಿಲಿನಲ್ಲಿ ನಿದ್ರಿಸಬಹುದಾಗಿತ್ತು. ಅವರ ಕಾರ್ಯಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಮುಟ್ಟಿದುದು ಇದೇ.

1962ರಲ್ಲಿ ಭಾರತ ಸರ್ಕಾರವು ತಾರಾಬಾಯಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. 1973ರಲ್ಲಿ ಅವರು ದೇಹವಿಟ್ಟರು. ಅಂಗನವಾಡಿಯು ದೇಶದ ಯೋಜನೆಯಾದುದನ್ನು ನೋಡಲು ಅವರಿಗೆ ಎರಡು ವರ್ಷಗಳ ಅಂತರದಲ್ಲಿ ತಪ್ಪಿಹೋಯಿತು. ಕೋಸಬಾಡದ ಕೆಲಸವನ್ನು ಅನುತಾಯಿಯವರು 1992ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿಕೊಂಡು ಬಂದರು.