ಟಿಪ್ಪು ಸುಲ್ತಾನ್: ಕೋಟೆ ಬಾಗಿಲಲ್ಲಿ ಹಿಡಿದ ನಾಡಿ

ನೀವು ಶ್ರೀರಂಗಪಟ್ಟಣಕ್ಕೆ ಹೋಗಿರಬಹುದು. ಗುಂಬಝ್ ಮತ್ತು ದರಿಯಾ ದೌಲತ್ ನೋಡಿ, ಕೋಟೆಯೊಳಗೆ ಟಿಪ್ಪು ಸುಲ್ತಾನರ ಮೃತದೇಹ ಸಿಕ್ಕಿದ ಜಾಗದಲ್ಲಿರುವ ಸ್ಮಾರಕದ ಮುಂದೆ ಒಂದು ಕ್ಷಣ ನಿಂತಿರಬಹುದು. ಅಲ್ಲಿ ಅವರ ಶೌರ್ಯ ನೆನಪಾಗುವುದು ಸಹಜ. ಆದರೆ ರೋಗಿಯ ಬಳಿ ಕೂರುವ ಪ್ರತಿಯೊಬ್ಬರಿಗೂ ಬೇಕಾದ ಒಂದು ಪಾಠವೂ ಅಲ್ಲಿದೆ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಎಳೆಯ ವಯಸ್ಸಿನಲ್ಲೇ ಯುದ್ಧರಂಗ ಕಂಡವರು. 1782ರ ಡಿಸೆಂಬರ್‌ನಲ್ಲಿ ತಂದೆ ಹೈದರಾಲಿ ಬೆನ್ನುಫಣಿಯಿಂದ ಚಿತ್ತೂರಿನ ಬಳಿಯ ಶಿಬಿರದಲ್ಲಿ ತೀರಿಕೊಂಡಾಗ ಅವರು ದೂರದ ಮಲಬಾರಿನಲ್ಲಿದ್ದರು. ಅವರು ಬಂದು ಸೇರುವವರೆಗೆ ಸಾವಿನ ಸುದ್ದಿಯನ್ನು ಸೈನ್ಯದಿಂದ ಮುಚ್ಚಿಡಲಾಗಿತ್ತು.

ಅಧಿಕಾರಕ್ಕೆ ಬಂದ ಟಿಪ್ಪು ಕತ್ತಿಯನ್ನಷ್ಟೇ ನಂಬಿದವರಲ್ಲ. ಇಂದಿನ ಪಾಂಡವಪುರದ ಬಳಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರು. ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದೇ ಹಾಗೆ. ಬೇರೆ ನಾಡಿನ ವಿದ್ಯೆಯನ್ನು ಕಲಿಯಲು ಅವರಿಗೆ ಸಂಕೋಚವಿರಲಿಲ್ಲ. ಕಾಯಿಲೆ ಬಿದ್ದ ಅಧಿಕಾರಿಗಳಿಗೆ ಔಷಧ, ಪಥ್ಯಗಳನ್ನು ತಿಳಿಸಿ ಅವರು ಬರೆಸಿದ ಪತ್ರಗಳು ಉಳಿದಿವೆ. ಅವರ ಗ್ರಂಥಾಲಯದ ಪಟ್ಟಿಯನ್ನು ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪ್ರಕಟಿಸಿದಾಗ, ಅದರಲ್ಲಿ ವೈದ್ಯಶಾಸ್ತ್ರದ 62 ಗ್ರಂಥಗಳಿದ್ದವು.

1799ರ ಮೇ 4ರಂದು ಮಧ್ಯಾಹ್ನ ಕೋಟೆ ಮುರಿಯಿತು. ಟಿಪ್ಪು ಹೋರಾಡುತ್ತಲೇ ಬಿದ್ದರು. ರಾತ್ರಿ ದೀಪದ ಬೆಳಕಿನಲ್ಲಿ, ಬಾಗಿಲ ಬಳಿಯ ಹೆಣಗಳ ರಾಶಿಯಲ್ಲಿ ಅವರನ್ನು ಹುಡುಕಿ ತೆಗೆದರು. ದೇಹದಲ್ಲಿ ಮೂರು ಗಾಯ, ಕಪಾಲದಲ್ಲಿ ಒಂದು. ಕಣ್ಣು ತೆರೆದೇ ಇತ್ತು, ಮೈ ಇನ್ನೂ ಬೆಚ್ಚಗಿತ್ತು. ಜೀವವಿರಬಹುದೇ ಎಂಬ ಅನುಮಾನ ಅಲ್ಲಿದ್ದ ಮೇಜರ್ ಅಲನ್ ಮತ್ತು ಕರ್ನಲ್ ವೆಲ್ಲೆಸ್ಲಿ ಇಬ್ಬರಿಗೂ ಬಂತು. ನಾಡಿ ಹಿಡಿದು, ಎದೆ ಮುಟ್ಟಿ ನೋಡಿದ ಮೇಲೆಯೇ ಅನುಮಾನ ಹೋಯಿತು. ಮರುದಿನ ಅವರನ್ನು ಗುಂಬಝ್‌ನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ದಫನ ಮಾಡಲಾಯಿತು.

ಗಮನಿಸಿ, ಮೈಯ ಬಿಸಿಯೊಂದನ್ನೇ ನಂಬಿದ್ದರೆ ತಪ್ಪಾಗುತ್ತಿತ್ತು. ಒಂದು ಲಕ್ಷಣ ಎಂದಿಗೂ ಪೂರ್ತಿ ಸತ್ಯ ಹೇಳುವುದಿಲ್ಲ. ಆಗ ಇದ್ದುದು ಕೈಬೆರಳು ಮಾತ್ರ. ರೋಗಿಯ ಬಳಿ ಸುಲಭವಾಗಿ ಬಳಸಬಹುದಾದ ಪುಟ್ಟ ಥರ್ಮಾಮೀಟರ್ ಬಂದದ್ದು 1860ರ ದಶಕದಲ್ಲಿ, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ರೀವಾ-ರೋಚಿಯವರ ಉಪಕರಣ 1896ರಲ್ಲಿ. ಇಂದು ನಾಗಮಂಗಲದ ಅಥವಾ ಕೆ.ಆರ್. ಪೇಟೆಯ ಸಾಮಾನ್ಯ ಮನೆಯಲ್ಲೂ ಇವು ಇರಬಹುದು. ಅಳೆಯುವ ಕ್ರಮ ಮಾತ್ರ ತಿಳಿದಿರಬೇಕು.

ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಿಮ್ಮ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ನಿಮ್ಮ ಹೆಬ್ಬೆರಳು ಬಳಸಬೇಡಿ. ಅದರ ಮಿಡಿತವೇ ನಿಮ್ಮನ್ನು ಮೋಸಗೊಳಿಸೀತು. ವಯಸ್ಕರಲ್ಲಿ 60ರಿಂದ 100 ಸಾಮಾನ್ಯ. ಕೈ ಬಿಡದೆ, ಹೇಳದೆ, ಎದೆ ಏರಿಳಿಯುವುದನ್ನು ಇನ್ನೊಂದು ನಿಮಿಷ ಎಣಿಸಿ. ಹೇಳಿದರೆ ಉಸಿರಿನ ಗತಿ ಬದಲಾಗುತ್ತದೆ. 12ರಿಂದ 20 ಸಾಮಾನ್ಯ. ಮೈಯ ಬಿಸಿ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್. ರಕ್ತದೊತ್ತಡ ನೋಡುವಾಗ ತೋಳು ಹೃದಯದ ಮಟ್ಟದಲ್ಲಿರಲಿ, ಯಾರೂ ಮಾತನಾಡದಿರಲಿ. 120/80ರ ಒಳಗಿದ್ದರೆ ಒಳ್ಳೆಯದು. ಮತ್ತೆ ಮತ್ತೆ 140/90 ಅಥವಾ ಅದಕ್ಕೂ ಮೇಲೆ ಬಂದರೆ ವೈದ್ಯರಿಗೆ ತೋರಿಸಲೇಬೇಕು.

ಅಂಕಿಗಳನ್ನು ಹೊತ್ತು ಸಮೇತ ಬರೆದಿಡಿ. ನಿನ್ನೆಗಿಂತ ಇಂದು ಬದಲಾಗಿದ್ದರೆ ವೈದ್ಯರಿಗೆ ಮೊದಲು ಬೇಕಾದ ಮಾತು ಅದೇ. ಆದರೆ ಕರೆದರೂ ಓಗೊಡದೆ, ಉಸಿರು ಸರಿಯಾಗಿ ಆಡದೆ ಬಿದ್ದವರ ನಾಡಿ ಹುಡುಕುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ.

ಆ ರಾತ್ರಿ ಸುಲ್ತಾನರ ನಾಡಿ ಹಿಡಿದ ಕೈ ಶತ್ರುವಿನದ್ದು, ಸಾವನ್ನು ಖಚಿತಪಡಿಸಿಕೊಳ್ಳಲು ಚಾಚಿದ ಕೈ. ನಿಮ್ಮ ತಾಯಿಯ, ಅಜ್ಜನ ಮಣಿಕಟ್ಟಿನ ಮೇಲಿರುವುದು ಪ್ರೀತಿಯ ಕೈ. ಶರೀರ ಅಲ್ಲಾಹನು ವಹಿಸಿಕೊಟ್ಟ ಅಮಾನತು. ಅದರ ಸುಳಿವನ್ನು ಹೊತ್ತಿಗೆ ಸರಿಯಾಗಿ ಓದಲು ಇಂದೇ ಮನೆಯವರೆಲ್ಲ ಕಲಿಯಿರಿ.