ಹೆರಾಲ್ಡ್ ಯೂರಿ

ನೆಲದಾಳದಿಂದ ಚಿಮ್ಮಿ ಬರುವ ಕಚ್ಚಾ ತೈಲಕ್ಕೂ ಒಂದು ತವರುಂಟು. ಆ ತವರನ್ನು ಗುರುತಿಸುವ ವಿದ್ಯೆಗೆ ತಳಹದಿ ಹಾಕಿದವರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ ಅಗ್ರಗಣ್ಯರು.

ಯೂರಿಯವರು 1893ನೆಯ ಏಪ್ರಿಲ್ 29ರಂದು ಇಂಡಿಯಾನಾ ಪ್ರಾಂತದ ವಾಕರ್‌ಟನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಉಪಾಧ್ಯಾಯರಾಗಿದ್ದ ತಂದೆ, ಮಗನಿಗೆ ಆರು ವರ್ಷವಾಗಿದ್ದಾಗಲೇ ತೀರಿಕೊಂಡರು. ಯೂರಿ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿ, ಅನಂತರ ಮೊಂಟಾನಾ ವಿಶ್ವವಿದ್ಯಾನಿಲಯವನ್ನು ಸೇರಿದರು. 1923ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದು, ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಅವರ ಬಳಿ ಅಭ್ಯಾಸ ಮಾಡಿದರು.

ಒಂದೇ ಧಾತುವಿನ ಪರಮಾಣುಗಳು ತೂಕದಲ್ಲಿ ಬೇರೆಬೇರೆಯಾಗಿರಬಹುದು. ಇವನ್ನು ಐಸೊಟೋಪುಗಳೆನ್ನುತ್ತಾರೆ. 1931ರಲ್ಲಿ ಯೂರಿಯವರು ಬ್ರಿಕ್‌ವೆಡ್ ಮತ್ತು ಮರ್ಫಿ ಅವರೊಡನೆ ಹೈಡ್ರೋಜನ್ನಿನ ಭಾರವಾದ ಐಸೊಟೋಪನ್ನು ಕಂಡುಹಿಡಿದರು. ಇದೇ ಡ್ಯೂಟೀರಿಯಂ. ಇದಕ್ಕಾಗಿ 1934ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ತಮಗೆ ಬಂದ ಸಂಶೋಧನಾ ಧನದಲ್ಲಿ ಅರ್ಧವನ್ನು ಅವರು ಸಹೋದ್ಯೋಗಿ ರಾಬಿಯವರಿಗೆ ಕೊಟ್ಟರು. ಆ ರಾಬಿಯವರೂ 1944ರಲ್ಲಿ ನೊಬೆಲ್ ಪಡೆದರು.

ಎರಡನೆಯ ಮಹಾಯುದ್ಧ ಬಂದಾಗ ಯುರೇನಿಯಂ ಐಸೊಟೋಪುಗಳನ್ನು ಬೇರ್ಪಡಿಸುವ ಹೊಣೆ ಯೂರಿಯವರ ಮೇಲೆ ಬಿತ್ತು. 1945ನೆಯ ಆಗಸ್ಟ್ 6ರಂದು ಯುರೇನಿಯಂ ಬಾಂಬು ಹಿರೋಷಿಮಾ ನಗರವನ್ನು ಸುಟ್ಟುಹಾಕಿತು. ತಮ್ಮ ವಿದ್ಯೆ ಸಂಹಾರಕ್ಕೆ ಸಾಧನವಾದುದು ಯೂರಿಯವರನ್ನು ಕಳವಳಗೊಳಿಸಿತು. ಪರಮಾಣು ಶಕ್ತಿ ಸೈನ್ಯದ ಕೈಯಲ್ಲಿರಬಾರದೆಂದು ಅವರು ನಾಡಿನಲ್ಲೆಲ್ಲ ಪ್ರಚಾರ ಕೈಗೊಂಡರು.

ಚಿಕಾಗೋ ನಗರಕ್ಕೆ ಬಂದ ಮೇಲೆ ಅವರು ಅದೇ ವಿದ್ಯೆಯನ್ನು ಭೂಮಿಯ ಪೂರ್ವಚರಿತ್ರೆಯನ್ನು ಅರಿಯುವುದಕ್ಕೆ ತಿರುಗಿಸಿದರು. ಸಮುದ್ರಜೀವಿಗಳ ಚಿಪ್ಪಿನಲ್ಲಿರುವ ಆಮ್ಲಜನಕದ ಐಸೊಟೋಪುಗಳ ಪ್ರಮಾಣದಿಂದ ಅಂದಿನ ನೀರಿನ ಉಷ್ಣತೆಯನ್ನು ತಿಳಿಯಬಹುದೆಂದು ಅವರು ತರ್ಕಿಸಿದರು. ಸುಮಾರು 15 ಕೋಟಿ ವರ್ಷಗಳ ಹಿಂದಿನ ಬೆಲೆಮ್ನೈಟ್ ಜೀವಿಯೊಂದು ಕಂಡ ಬೇಸಗೆ ಚಳಿಗಾಲಗಳನ್ನು 1951ರಲ್ಲಿ ಅವರ ತಂಡ ಎಣಿಸಿ ತೋರಿಸಿತು.

ಚಿಕಾಗೋದಲ್ಲಿ ಅವರೊಡನೆ ದುಡಿದಿದ್ದ ಎಪ್‌ಸ್ಟೈನ್, 1958ರಲ್ಲಿ ಸಿಲ್ವರ್‌ಮನ್ನರೊಡಗೂಡಿ ಕಚ್ಚಾ ತೈಲಗಳ ಇಂಗಾಲವನ್ನು ಅಳೆದರು. ಸಸ್ಯಗಳು ಆಹಾರ ತಯಾರಿಸುವಾಗ ಹಗುರವಾದ ಇಂಗಾಲ-12ನ್ನು ಹೆಚ್ಚಾಗಿ ಆಯ್ದುಕೊಳ್ಳುತ್ತವೆ. ಅಂಥ ಜೀವಿಗಳು ಕೆಸರಿನಲ್ಲಿ ಹೂತು, ನೆಲದ ಕಾವಿನಲ್ಲಿ ಬೆಂದು ತೈಲವಾದರೂ ಇಂಗಾಲ-12 ಮತ್ತು ಇಂಗಾಲ-13ರ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ತೈಲ ತಾನು ಹುಟ್ಟಿದ ಶಿಲೆಯನ್ನು ಬಿಟ್ಟು ದೂರ ಹರಿದು ಬೇರೊಂದು ಶಿಲೆಯಲ್ಲಿ ನೆಲಸಬಹುದು. ಆಗ ಎರಡರ ಇಂಗಾಲವನ್ನೂ ಹೋಲಿಸುತ್ತಾರೆ. ಪ್ರಮಾಣಗಳು ತೀರ ಭಿನ್ನವಾಗಿದ್ದರೆ ಅದು ತಾಯಿಶಿಲೆಯಲ್ಲ. ಸಮೀಪವಾಗಿದ್ದರೆ ಇತರ ಪುರಾವೆಗಳೊಡನೆ ಸೇರಿಸಿ ಸಂಬಂಧವನ್ನು ನಿರ್ಣಯಿಸುತ್ತಾರೆ.

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಕಚೇರಿಯಿದೆ. ಕನ್ನಡ ನಾಡಿನ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಅವುಗಳಲ್ಲಿ ತೈಲವಿಲ್ಲ, ಆದರೆ ಅವುಗಳ ವಯಸ್ಸನ್ನು ತಿಳಿಸಿದುದೂ ಐಸೊಟೋಪುಗಳೇ.

ಯೂರಿಯವರು 1981ನೆಯ ಜನವರಿ 5ರಂದು ನಿಧನರಾದರು. ವಿದ್ಯೆ ಒಂದೇ, ಅದು ಊರನ್ನು ಸುಡುವುದೂ ಭೂಮಿಯ ಕಥೆಯನ್ನು ತಿಳಿಸುವುದೂ ಅದನ್ನು ಬಳಸುವವರ ವಿವೇಕಕ್ಕೆ ಸೇರಿದ್ದೆಂಬುದನ್ನು ಅವರ ಬಾಳು ತೋರಿಸಿಕೊಡುತ್ತದೆ.