ನಾದಯೋಗಿ ಮಲ್ಲಿಕಾರ್ಜುನ ಮನಸೂರರು ಮತ್ತು ಧ್ವನಿಮುದ್ರಿಕೆಯ ಋಣ



ಸೊರಟೂರ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗದ ಮನೆಗಳಲ್ಲಿ ಇಂದು ವಚನಗಾಯನವನ್ನು ಅಭ್ಯಾಸ ಮಾಡುತ್ತಿರುವ ಮಕ್ಕಳು, ತರುಣರು ಇದ್ದಾರೆ. ಹಾಡಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಅಂದೇ ಯೂಟ್ಯೂಬಿಗೆ ಏರಿಸುವ ಅನುಕೂಲ ಅವರ ಕೈಯಲ್ಲಿದೆ. ಹಿಂದೆ ಇದಕ್ಕೆ ಕಂಪನಿಯ ಕರೆ ಬರಬೇಕಾಗಿತ್ತು. ಹಾಗಾದರೆ ಗಾಯಕನಿಗೆ ಧ್ವನಿಮುದ್ರಿಕೆಯ ಕಂಪನಿ ಇನ್ನು ಬೇಕೆ, ಬೇಡವೆ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಮ್ಮ ನಾಡಿನ ಹೆಮ್ಮೆಯ ಗಾಯಕರಾದ ಡಾ. ಮಲ್ಲಿಕಾರ್ಜುನ ಮನಸೂರರ ಜೀವನಕ್ಕಿಂತ ಉತ್ತಮವಾದ ನಿದರ್ಶನವು ನಮಗೆ ಕಾಣುವುದಿಲ್ಲ.

ಮಲ್ಲಿಕಾರ್ಜುನರು 1910ರ ಡಿಸೆಂಬರ್ 31ರಂದು ಧಾರವಾಡದ ಸಮೀಪದ ಮನಸೂರ ಗ್ರಾಮದಲ್ಲಿ ಜನಿಸಿದರು. ತಂದೆ ಭೀಮರಾಯಪ್ಪನವರು ಒಕ್ಕಲುತನದ ಮನೆತನದವರು. ಅಣ್ಣ ಬಸವರಾಜರು ರಂಗಭೂಮಿಯಲ್ಲಿದ್ದರು. ಬಾಲಕ ಮಲ್ಲಿಕಾರ್ಜುನರೂ ಚಿಕ್ಕ ವಯಸ್ಸಿನಲ್ಲಿಯೇ ಸಂಚಾರಿ ನಾಟಕ ಮಂಡಳಿಯನ್ನು ಸೇರಿ ಬಣ್ಣ ಹಚ್ಚಿದರು. ಅಂದಿನ ಉತ್ತರ ಕರ್ನಾಟಕದಲ್ಲಿ ಕಂಪನಿ ಎಂದರೆ ನಾಟಕದ ಕಂಪನಿಯೇ. ಊಟ, ವಸತಿ, ಪಾಠ, ಶ್ರೋತೃಗಳು ಎಲ್ಲವೂ ಕಲಾವಿದನಿಗೆ ದೊರೆಯುತ್ತಿದ್ದುದು ಅಲ್ಲಿಯೇ. ಅಲ್ಲಿ ಅವರ ಕಂಠವನ್ನು ಕೇಳಿ ಮೆಚ್ಚಿದ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಹೇಳಿಕೊಟ್ಟರು. ಅನಂತರ ಮೀರಜಿನ ನೀಲಕಂಠಬುವಾ ಆಲೂರಮಠ ಅವರು ಶಿಷ್ಯನನ್ನಾಗಿ ಸ್ವೀಕರಿಸಿ ಗ್ವಾಲಿಯರ್ ಘರಾಣೆಯ ಶಿಕ್ಷಣವನ್ನು ನೀಡಿದರು. ಮುಂದೆ ಮಲ್ಲಿಕಾರ್ಜುನರು ಕಟ್ಟಿದ ಗಾಯನಸೌಧಕ್ಕೆ ಇದೇ ಅಡಿಪಾಯವಾಯಿತು.

ಆ ಕಾಲಕ್ಕೆ ಗ್ರಾಮಾಫೋನ್ ಭಾರತಕ್ಕೆ ಬಂದು ಮೂರು ದಶಕಗಳಾಗಿದ್ದವು. 1902ರಲ್ಲಿ ಕಲಕತ್ತೆಯ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ ಗ್ರಾಮಾಫೋನ್ ಕಂಪನಿಯ ನಾಯಿಯ ಚಿತ್ರದ ಮುದ್ರೆ ಮನೆಮಾತಾಗಿತ್ತು. ಅರಗಿನಿಂದ ಮಾಡಿದ ಆ ತಟ್ಟೆಯ ಒಂದು ಬದಿಯಲ್ಲಿ ಮೂರು ಮೂರೂವರೆ ನಿಮಿಷಗಳ ಹಾಡಿಗೆ ಮಾತ್ರ ಸ್ಥಳವಿತ್ತು. ಬೈಠಕಿನಲ್ಲಿ ಗಂಟೆಗಟ್ಟಲೆ ಅರಳುವ ರಾಗವನ್ನು ಅಷ್ಟರೊಳಗೆ ಹಿಡಿಯಬೇಕಾಗಿತ್ತು. ಈ ಕಾರಣಕ್ಕೂ ಕಲೆಯ ಗೌಪ್ಯದ ಕಾರಣಕ್ಕೂ ಹಲವು ಉಸ್ತಾದರು ಮುದ್ರಣವೆಂದರೆ ಹಿಂಜರಿಯುತ್ತಿದ್ದರು. ಜೈಪುರ-ಅತ್ರೌಲಿ ಘರಾಣೆಯ ಹಿರಿಯರಾದ ಉಸ್ತಾದ್ ಅಲ್ಲಾದಿಯಾ ಖಾನರು ಯಾವ ಕಂಪನಿಗೂ ಹಾಡಲಿಲ್ಲ. ಅವರ ಗಾಯನ ಹೇಗಿತ್ತೆಂಬುದು ಇಂದು ನಮಗೆ ಶಿಷ್ಯರ ಕಂಠದ ಮೂಲಕವೇ ತಿಳಿಯಬೇಕಾಗಿದೆ.

ಇನ್ನೊಂದು ಬದಿಯನ್ನೂ ನೋಡಬೇಕು. ಅಬ್ದುಲ್ ಕರೀಂ ಖಾನರ ಠುಮರಿಯ ಮುದ್ರಿಕೆಯನ್ನು ಕೇಳಿದ ಬಾಲಕ ಭೀಮಸೇನ ಜೋಶಿಯವರು 1933ರ ಸುಮಾರಿಗೆ ಗದಗಿನ ಮನೆಯನ್ನು ಬಿಟ್ಟು ಗುರುವನ್ನು ಅರಸುತ್ತ ಹೊರಟರು. ಅರಮನೆಯ ದರಬಾರಿಗೆ, ಶ್ರೀಮಂತರ ಬೈಠಕಿಗೆ ಪ್ರವೇಶವಿಲ್ಲದ ಹುಡುಗನ ಕಿವಿಗೆ ಆ ನಾದವನ್ನು ತಲುಪಿಸಿದ್ದು ಕಂಪನಿಯ ತಟ್ಟೆಯೇ ಅಲ್ಲವೆ?

ಮಲ್ಲಿಕಾರ್ಜುನರಿಗೂ ಈ ತಟ್ಟೆಯಿಂದ ಉಪಕಾರವಾಯಿತು. 1930ರ ದಶಕದ ಆರಂಭದ ವರ್ಷಗಳಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ಅವರ ಗಾಯನವನ್ನು ಮುದ್ರಿಸಿತು. ಇಪ್ಪತ್ತರ ಹರೆಯದ ಹಳ್ಳಿಯ ಗಾಯಕನ ಹೆಸರು ಮುಂಬಯಿಯವರೆಗೆ ಹಬ್ಬಿತು. ಮುಂದೆ ಅದೇ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ಅವರು ದುಡಿದರು. ಕೃಷಿಯ ಮನೆಯಿಂದ ಬಂದು ಸಂಗೀತವನ್ನೇ ನಂಬಿದ್ದ ಗೃಹಸ್ಥರಿಗೆ ಅದು ಅನ್ನದ ದಾರಿಯೂ ಆಗಿತ್ತು.

ಇಲ್ಲಿಯೇ ಅವರ ಜೀವನದ ಮುಖ್ಯ ತಿರುವು ಇದೆ. ಮುದ್ರಿಕೆ ಹೊರಬಂದ ಮೇಲೆ ಸಾಮಾನ್ಯನು ತಾನು ಗಾಯಕನಾದೆನೆಂದು ತೃಪ್ತಿಪಡುತ್ತಾನೆ. ಮಲ್ಲಿಕಾರ್ಜುನರು ಹಾಗೆ ತೃಪ್ತಿಪಡಲಿಲ್ಲ. ಹೆಸರು ಬಂದಿದ್ದರೂ ಅವರು ಮತ್ತೆ ವಿದ್ಯಾರ್ಥಿಯಾದರು. ಅಲ್ಲಾದಿಯಾ ಖಾನರ ಮಗ ಮಂಜೀ ಖಾನರಲ್ಲಿ ಶಿಷ್ಯವೃತ್ತಿಯನ್ನು ಕೈಗೊಂಡು, ಕಲಿತ ಗ್ವಾಲಿಯರ್ ಪದ್ಧತಿಯ ಮೇಲೆ ಜೈಪುರ ಘರಾಣೆಯ ಕಠಿಣವಾದ ಲಯಬಂಧವನ್ನೂ ವಕ್ರಗತಿಯ ತಾನುಗಳನ್ನೂ ಸಾಧಿಸತೊಡಗಿದರು. 1937ರಲ್ಲಿ ಮಂಜೀ ಖಾನರು ಅಕಾಲದಲ್ಲಿ ತೀರಿಕೊಂಡರು. ಗುರುವಿಲ್ಲದ ದುಃಖದಲ್ಲಿಯೂ ಅವರು ಸಾಧನೆಯನ್ನು ಬಿಡದೆ ಮಂಜೀ ಖಾನರ ತಮ್ಮ ಭೂರ್ಜೀ ಖಾನರ ಬಳಿ ಶಿಕ್ಷಣವನ್ನು ಮುಂದುವರಿಸಿದರು. ಅಪರೂಪದ ಜೋಡುರಾಗಗಳು, ಬಹಾದುರಿ ತೋಡಿ, ಸಂಪೂರ್ಣ ಮಾಲಕಂಸ, ಶಿವಮತ ಭೈರವ ಮೊದಲಾದ ರಾಗಗಳು ಅವರ ಕಂಠದಲ್ಲಿ ನೆಲೆಸಿದ್ದು ಈ ತಪಸ್ಸಿನ ಫಲವಾಗಿ. ಈ ವಿದ್ಯೆಯನ್ನು ಯಾವ ಕಂಪನಿಯೂ ಕೊಡಲಾರದು, ಗುರುಕಾರುಣ್ಯವೇ ಬೇಕು.

ಮುದ್ರಿಕೆಯಿಂದ ಹೆಸರು ಬೇಗ ಬಂದರೂ ಮನ್ನಣೆ ತಡವಾಗಿಯೇ ಬಂದಿತು. ಪದ್ಮಶ್ರೀ ದೊರೆತಾಗ ವರ್ಷ 1970; ಅವರಿಗೆ ಆಗಲೇ ಅರವತ್ತರ ಸಮೀಪದ ವಯಸ್ಸು. 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಬಂದವು. ಮೊದಲ ಮುದ್ರಿಕೆಗೂ ಮೊದಲ ಪದ್ಮಪ್ರಶಸ್ತಿಗೂ ನಡುವೆ ಮೂರೂವರೆ ದಶಕಗಳಿಗಿಂತ ಹೆಚ್ಚಿನ ಕಾಲ ಸಂದಿತ್ತು. ಆ ದೀರ್ಘಾವಧಿಯಲ್ಲಿ ಅವರನ್ನು ಕಾಪಾಡಿದವರು ಯಾರು? ಸಂಗೀತ ಸಭೆಗಳು, ರಸಿಕರ ಮನೆಗಳು ಮತ್ತು ಆಕಾಶವಾಣಿ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಗೆ ಅವರು ಮುಂದೆ ಸಂಗೀತ ಸಲಹೆಗಾರರಾದರು. ಮಾರಾಟದ ಲೆಕ್ಕವನ್ನು ನೋಡದ ಬಾನುಲಿಯು ಮೂರು ನಿಮಿಷದ ಕಟ್ಟನ್ನು ಸಡಿಲಿಸಿ ರಾಗದ ವಿಸ್ತಾರಕ್ಕೆ ಅವಕಾಶವನ್ನು ನೀಡಿತು. ಶರಣರ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಅಳವಡಿಸಿ ಕಚೇರಿಯ ವೇದಿಕೆಗೆ ತಂದ ಹಿರಿಯರಲ್ಲಿ ಮನಸೂರರು ಪ್ರಮುಖರು. ಧಾರವಾಡ ಮುರುಘಾಮಠದ ಪೂಜ್ಯ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗಿದ್ದ ಭಕ್ತಿಯನ್ನು ನಾಡು ಬಲ್ಲದು.

ನಮ್ಮ ಗದುಗಿನಲ್ಲಿಯೂ ಇಂಥದೇ ಇನ್ನೊಂದು ದಾರಿ ತೆರೆದಿತ್ತು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ, ಅಂಧ ಹಾಗೂ ಬಡ ಮಕ್ಕಳಿಗೆ ಅನ್ನವನ್ನೂ ನಾದವನ್ನೂ ಉಣಿಸಿದರು. ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದಾಸೋಹವನ್ನು ನಡೆಸಿದರು. ಭಕ್ತರ ಜೋಳಿಗೆಯ ಕಾಳಿನಿಂದ ಸಂಗೀತ ಬೆಳೆದ ಸ್ಥಳ ಅದು. ಬಸವರಾಜ ರಾಜಗುರುಗಳಂಥ ಗಾಯಕರು ಹೊರಬಂದದ್ದು ಪಂಚಾಕ್ಷರ ಗವಾಯಿಗಳ ಶಿಷ್ಯಬಳಗದಿಂದಲೇ. ಕಂಪನಿಯೊಂದೇ ಕಲೆಯ ಪೋಷಕವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಲ್ಲಿಕಾರ್ಜುನರು 1992ರ ಸೆಪ್ಟೆಂಬರ್ 12ರಂದು ಧಾರವಾಡದಲ್ಲಿ ದೇಹವಿಟ್ಟರು. ಅವರ ನಂತರ ಪುತ್ರ ರಾಜಶೇಖರ ಮನಸೂರರು ಆ ಗಾಯನವನ್ನು ಮುಂದುವರಿಸಿದರು. ಅವರು ಬಾಳಿದ ಮನೆ ಇಂದು ಸ್ಮಾರಕವಾಗಿದೆ. ಇಂದಿನ ಶ್ರೋತೃಗಳು ಅವರನ್ನು ಕೇಳುವುದು ಕಂಪನಿಯ ಮುದ್ರಿಕೆಗಳಲ್ಲಿ ಮಾತ್ರವಲ್ಲ. ಆಕಾಶವಾಣಿಯ ಭಂಡಾರದಲ್ಲಿ ಉಳಿದವು, ರಸಿಕರು ಕಚೇರಿಗಳಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡವು ಅಂತರ್ಜಾಲದಲ್ಲಿ ಉಚಿತವಾಗಿ ಕೇಳಸಿಗುತ್ತವೆ. ಮೂರು ನಿಮಿಷದ ಮನಸೂರರಿಗಿಂತ ಒಂದು ಗಂಟೆಯ ಮನಸೂರರು ಹೆಚ್ಚು ಪೂರ್ಣರೆಂಬುದನ್ನು ಕೇಳಿದವರೆಲ್ಲರೂ ಒಪ್ಪುತ್ತಾರೆ.

ಹಾಗೆಂದು ಕಂಪನಿಯ ಕಾಲ ಮುಗಿಯಿತೆಂದು ನಾವು ಹೇಳುವುದಿಲ್ಲ. ಅಂದು ಮುದ್ರಣಯಂತ್ರ, ಕಾರ್ಖಾನೆ, ಅಂಗಡಿಗಳ ಜಾಲ ಇವು ಕಂಪನಿಯ ಬಲವಾಗಿದ್ದವು. ಇಂದು ಈ ಮೂರೂ ಹಾಡುವವನ ಕೈಗೇ ಬಂದಿವೆ. ಉಳಿದಿರುವುದು ಬೇರೆ ಕೆಲಸಗಳು: ಒಳ್ಳೆಯ ಮುದ್ರಣಕ್ಕೆ ಬಂಡವಾಳ, ಪ್ರಚಾರ, ಗೌರವಧನದ ವಸೂಲಿ, ಹಳೆಯ ಮುದ್ರಿಕೆಗಳ ಸಂರಕ್ಷಣೆ. ಎಚ್.ಎಂ.ವಿ.ಯ ಹಳೆಯ ಭಂಡಾರ ಇಂದು ಸರೆಗಮ ಎಂಬ ಹೆಸರಿನ ಸಂಸ್ಥೆಯಲ್ಲಿ ಉಳಿದುಬಂದಿದೆ. ಆದರೆ ಒಪ್ಪಂದಕ್ಕೆ ರುಜು ಹಾಕುವ ಮೊದಲು ಕಲಾವಿದನು ಕಾನೂನನ್ನು ತಿಳಿದಿರಬೇಕು. ನಮ್ಮ ದೇಶದಲ್ಲಿ ಪ್ರಕಟಿತ ಧ್ವನಿಮುದ್ರಿಕೆಯ ಹಕ್ಕು 60 ವರ್ಷ ಇರುತ್ತದೆ. ಒಮ್ಮೆ ಬರೆದುಕೊಟ್ಟರೆ ಒಂದು ಜೀವಮಾನದ ದುಡಿಮೆಯೇ ಬೇರೆಯವರ ಪಾಲಾಗಬಹುದು. 2012ರ ತಿದ್ದುಪಡಿಯು ವಾಣಿಜ್ಯ ಬಳಕೆಯಲ್ಲಿ ಗಾಯಕರಿಗೂ ಗೌರವಧನದ ಹಕ್ಕನ್ನು ನೀಡಿದೆ. ಇದನ್ನು ಅರಿಯದೆ ಇರುವುದು ನಷ್ಟಕ್ಕೆ ದಾರಿ. ಯೂಟ್ಯೂಬಿನಂಥ ವೇದಿಕೆಗಳೂ ಕಂಪನಿಗಳೇ. ಅವುಗಳ ನಿಯಮವನ್ನು ರೂಪಿಸುವವರು ನಾವಲ್ಲವೆಂಬುದನ್ನೂ ಮರೆಯಬಾರದು.

ಆದ್ದರಿಂದ ನಮ್ಮ ಭಾಗದ ಎಳೆಯ ಗಾಯಕರಲ್ಲಿ ಶ್ರೀಮಠದ ಪರವಾಗಿ ನಮ್ಮ ವಿನಂತಿ ಇಷ್ಟೆ. ಹಾಡನ್ನು ಲೋಕಕ್ಕೆ ಮುಟ್ಟಿಸಿರಿ. ಕಂಪನಿ ಕರೆದರೆ ವಿಚಾರಿಸಿ ಹೋಗಿರಿ, ಕರೆಯದಿದ್ದರೆ ಕೊರಗಬೇಡಿರಿ. ನೋಡಿದವರ ಸಂಖ್ಯೆ ಏರಿದ ದಿನವೇ ಪಾಠವನ್ನು ನಿಲ್ಲಿಸಬೇಡಿರಿ. ಮುದ್ರಿಕೆ ಹೊರಬಂದ ಮೇಲೆಯೂ ಗುರುವಿನ ಮುಂದೆ ಕುಳಿತು ಸ್ವರವನ್ನು ತಿದ್ದಿಕೊಂಡ ಮನಸೂರರ ವಿನಯವನ್ನು ನೆನೆಯಿರಿ. ಪಾಲಕರು ಮಕ್ಕಳಿಗೆ ಮೊಬೈಲನ್ನು ಕೊಡಿಸುವುದಕ್ಕೆ ಮೊದಲು ಒಬ್ಬ ಗುರುವನ್ನು ಹುಡುಕಿಕೊಡಲಿ. ಊರಿನ ದೈವದವರು ಜಾತ್ರೆ, ಪುರಾಣ, ಶ್ರಾವಣದ ಪ್ರವಚನಗಳಲ್ಲಿ ಇಂಥ ಮಕ್ಕಳಿಗೆ ವೇದಿಕೆಯನ್ನು ಕಲ್ಪಿಸಿ, ಯಥಾಶಕ್ತಿ ಸಂಭಾವನೆಯನ್ನೂ ನೀಡಲಿ. ಕಲಾವಿದನು ಯಾರ ಹಂಗಿಗೂ ಒಳಗಾಗದೆ ಹಾಡಬೇಕಾದರೆ ಕೇಳುವವರು ಅವನ ಕಾಯಕವನ್ನು ಗೌರವಿಸಲೇಬೇಕು.